ಕೂಸಿನ ಹೊಟ್ಟೆಗೆ ಹೆಪ್ಪು ಹಾಕುವವರು ಯಾರು?

ಕಳೆದ ವರ್ಷ ಅಕ್ಕನ ಮಗಳಿಗೆ ಹೆರಿಗೆ ಆಯ್ತು. ಸಿಸೇರಿಯನ್. ಮನೆಗೆ ಹೊರಡುವ ದಿನ ಔಷಧಿ ಚೀಟಿಯಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ನೋವಿನ ಮಾತ್ರೆ ಇದ್ದವು. ಮೆಡಿಕಲ್ ಶಾಪಿನವನು ಅದರ ಜೊತೆ ತಾನಾಗಿಯೇ ಒಂದು ಪುಟ್ಟ ಬಾಟಲಿ ಇಟ್ಟನಂತೆ. ‘ಮಗುವಿಗೆ ಪ್ರೋಬಯಾಟಿಕ್ ಡ್ರಾಪ್ಸ್ ಮೇಡಂ, ಸಿಸೇರಿಯನ್ ಮಕ್ಕಳಿಗೆ ಒಳ್ಳೇದು, ಎಲ್ಲರೂ ತಗೋತಾರೆ.’ ಅವಳು ಬಾಟಲಿಯ ಫೋಟೋ ತೆಗೆದು ನನಗೆ ಕಳಿಸಿದಳು. ‘ಚಿಕ್ಕಮ್ಮಾ, ಇದನ್ನ ಹಾಕಬೇಕಾ?’

ಒಂದು ಸಾಲಿನ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ಒಡಿಶಾ, ಬೆಳಗಾವಿ, ದೆಹಲಿ, ನೈಜರ್ ಎಲ್ಲ ಸುತ್ತಬೇಕಾಯ್ತು. ಯಾಕಂದ್ರೆ ಎಳೆ ಮಕ್ಕಳನ್ನು ಸೋಂಕಿನಿಂದ ಉಳಿಸುವ ಸಂಶೋಧನೆ ಈಗ ಎರಡು ತದ್ವಿರುದ್ಧ ದಾರಿಯಲ್ಲಿ ಓಡುತ್ತಿದೆ. ಒಂದು ಕಡೆ ಮಗುವಿನ ಹೊಟ್ಟೆಗೆ ಬ್ಯಾಕ್ಟೀರಿಯಾ ಕೊಡುತ್ತಾರೆ. ಪ್ರೋಬಯಾಟಿಕ್ ಅಂದರೆ ಇದೇ, ಒಳ್ಳೇದಾಗಲಿ ಅಂತ ಕೊಡುವ ಜೀವಂತ ಬ್ಯಾಕ್ಟೀರಿಯಾ. ಇನ್ನೊಂದು ಕಡೆ ತಾಯಿಗೋ ಮಗುವಿಗೋ ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕೊಲ್ಲುತ್ತಾರೆ. ತಮಾಷೆ ಏನಂದ್ರೆ ಎರಡೂ ಕಡೆ ಒಂದೊಂದು ಸಲ ಗೆಲುವು ಸಿಕ್ಕಿದೆ, ಒಂದೊಂದು ಸಲ ಏಟೂ ಬಿದ್ದಿದೆ.

ಮೊದಲು ಹೆಪ್ಪಿನ ವಿಷಯ ಹೇಳಿಬಿಡುತ್ತೇನೆ. ಕಾದು ಆರಿದ ಹಾಲಿಗೆ ಯಾವ ಹೆಪ್ಪು ಮೊದಲು ಬೀಳುತ್ತದೋ ಮೊಸರು ಅದರ ಥರ. ಒಳ್ಳೆ ಹೆಪ್ಪು ಬಿದ್ದರೆ ಬೆಳಗ್ಗೆ ಗಟ್ಟಿ ಮೊಸರು. ಹೆಪ್ಪು ಹಾಕಲು ಮರೆತು ತೆರೆದಿಟ್ಟರೆ ಹಾಲು ಹಾಲಾಗೇ ಏನೂ ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ಏನಿದೆಯೋ ಅದು ಬಂದು ಸೇರಿಕೊಂಡು ಹಾಲು ಒಡೆಯುತ್ತದೆ, ವಾಸನೆ ಬರುತ್ತದೆ. ಹುಟ್ಟಿದ ಮಗುವಿನ ಕರುಳು ಹೆಚ್ಚುಕಡಿಮೆ ಈ ಹಾಲಿನ ಪಾತ್ರೆಯ ಹಾಗೆ. ಮೊದಲು ಬಂದು ಕೂತವರು ಆಮೇಲೆ ಬರುವವರಿಗೆ ಜಾಗ ಕೊಡುವುದು ಕಷ್ಟ.

ಗರ್ಭದೊಳಗೇ ಈ ಹೆಪ್ಪು ಬಿದ್ದಿರುತ್ತದೆ ಅಂತ 2014ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಮಾಸಿನಲ್ಲಿ ಬ್ಯಾಕ್ಟೀರಿಯಾಗಳದ್ದೇ ಒಂದು ಸಂಸಾರ ಇದೆ ಅಂತ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯ್ತು. 2019ರಲ್ಲಿ ಕೇಂಬ್ರಿಡ್ಜ್ ತಂಡ 500ಕ್ಕೂ ಜಾಸ್ತಿ ಹೆರಿಗೆಗಳ ಮಾಸು ಪರೀಕ್ಷೆ ಮಾಡಿತು. ಕಂಡದ್ದರಲ್ಲಿ ಬಹುಪಾಲು ಲ್ಯಾಬಿನ ಕಿಟ್‌ಗಳಲ್ಲೇ ಇದ್ದ ಬ್ಯಾಕ್ಟೀರಿಯಾ ಚೂರುಗಳು, ಅಥವಾ ಹೆರಿಗೆ ಹೊತ್ತಿನಲ್ಲಿ ಅಂಟಿಕೊಂಡವು. ನಿಜವಾಗಿ ಸಿಕ್ಕಿದ್ದು ಒಂದೇ, ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್, ಅದೂ ಸುಮಾರು 5% ಮಾದರಿಗಳಲ್ಲಿ. ಹಾಗಾಗಿ ‘ಗರ್ಭದಲ್ಲೇ ಮೈಕ್ರೋಬಯೋಮ್ (ಮೈಯಲ್ಲಿರುವ ಬ್ಯಾಕ್ಟೀರಿಯಾಗಳ ಸಂಸಾರ) ಸೆಟ್ ಮಾಡಿ’ ಅಂತ ಗರ್ಭಿಣಿಯರಿಗೆ ಪುಡಿ ಮಾರುವವರು ಕಂಡರೆ ದೂರ ಇರಿ.

ಹೆಪ್ಪು ಬೀಳುವುದು ಹೆರಿಗೆಯ ಹೊತ್ತಲ್ಲಿ, ಮತ್ತು ಆಮೇಲಿನ ಕೆಲವು ದಿನಗಳಲ್ಲಿ. ಯಾರು ಹಾಕುತ್ತಾರೆ? ಬಹಳ ದಿನ ಎಲ್ಲರೂ ನಂಬಿದ್ದು ಯೋನಿಮಾರ್ಗದ ಬ್ಯಾಕ್ಟೀರಿಯಾ ಅಂತ. ಅದಕ್ಕೇ ಸಿಸೇರಿಯನ್ ಮಕ್ಕಳಿಗೆ ತಾಯಿಯ ಯೋನಿಸ್ರಾವವನ್ನು ಬಟ್ಟೆಯಲ್ಲಿ ತೆಗೆದು ಬಾಯಿ, ಮೈಗೆ ಸವರುವ ಪ್ರಯೋಗ ಶುರುವಾಯ್ತು. 2019ರಲ್ಲಿ ಬ್ರಿಟನ್ನಿನ ಬೇಬಿ ಬಯೋಮ್ ಅಧ್ಯಯನ 596 ಮಕ್ಕಳ ಮಲ ಪರೀಕ್ಷೆ ಮಾಡಿದಾಗ ಕಥೆ ಬೇರೆಯೇ ಆಯ್ತು. ಸಹಜ ಹೆರಿಗೆಯ ಮಕ್ಕಳಿಗೆ ಹೆಪ್ಪು ಬಂದದ್ದು ಮುಖ್ಯವಾಗಿ ತಾಯಿಯ ಕರುಳಿನಿಂದ. ಹೆರಿಗೆಯಲ್ಲಿ ತಾಯಿಗೆ ಮಲವಿಸರ್ಜನೆ ಆಗಿಬಿಟ್ಟರೆ ನಾಚಿಕೆಪಡುತ್ತಾರೆ ಅಲ್ವಾ, ಪಾಪ, ಪ್ರಕೃತಿಗೆ ಅದರ ಬಗ್ಗೆ ಅಷ್ಟೇನೂ ಬೇಸರ ಇಲ್ಲ. ಸಿಸೇರಿಯನ್ ಮಕ್ಕಳಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಗುಂಪು ತೀರಾ ಕಡಿಮೆ ಇತ್ತು. ಅದರ ಜಾಗದಲ್ಲಿ ಆಸ್ಪತ್ರೆಗಳಲ್ಲಿ ಓಡಾಡಿಕೊಂಡಿರುವ ಎಂಟರೊಕಾಕಸ್, ಕ್ಲೆಬ್ಸಿಯೆಲ್ಲಾ ಥರದವು ಬಂದು ಕೂತಿದ್ದವು. ಅಂದರೆ ತೆರೆದಿಟ್ಟ ಪಾತ್ರೆ.

ಯೋನಿಸ್ರಾವ ಸವರುವುದನ್ನು ಸಂಶೋಧನೆಯ ಹೊರಗೆ ಮಾಡಬೇಡಿ ಅಂತ ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳಿದೆ. ತಾಯಿಯಲ್ಲಿ ಗೊತ್ತಾಗದ ಸೋಂಕು ಇದ್ದರೆ ಅದನ್ನೂ ಸವರಿದ ಹಾಗಾಗುತ್ತದೆ. ಫಿನ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾಯಿಯ ಮಲದ ಒಂಚೂರನ್ನು ಎದೆಹಾಲಿಗೆ ಬೆರೆಸಿ ಸಿಸೇರಿಯನ್ ಮಗುವಿಗೆ ಕುಡಿಸಿದರು. ಮುಖ ಸಿಂಡರಿಸಬೇಡಿ, ಲೆಕ್ಕ ನೋಡಿ. 17 ತಾಯಂದಿರು ಮುಂದೆ ಬಂದಿದ್ದರು, ತಪಾಸಣೆಗಳೆಲ್ಲ ಮುಗಿದ ಮೇಲೆ ಉಳಿದದ್ದು 7 ಜನ. ಅವರ ಮಕ್ಕಳ ಕರುಳು ಸಹಜ ಹೆರಿಗೆ ಮಕ್ಕಳದ್ದರ ಥರ ಆಯ್ತು ಅನ್ನುವುದು ನಿಜ. ಅಷ್ಟು ಬಿಗಿ ತಪಾಸಣೆ ಮಾಡಿಯೇ ಇಷ್ಟು ಕಡಿಮೆ ಜನ ಉಳಿದರು ಅನ್ನುವುದೂ ನಿಜ. ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ.

ಇದೆಲ್ಲ ನಮಗೆ ಯಾಕೆ ಮುಖ್ಯ ಅಂದ್ರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 21.5% ಹೆರಿಗೆ ಸಿಸೇರಿಯನ್. ಕರ್ನಾಟಕದಲ್ಲಿ 31.5%. ಮೂರರಲ್ಲಿ ಒಂದು ಅನ್ನಿ. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ, ಅದನ್ನು ಮಾಡಿಸಿಕೊಂಡ ತಾಯಂದಿರ ಮನಸ್ಸಿಗೆ ಚುಚ್ಚುವ ಉದ್ದೇಶ ನನಗಿಲ್ಲ. ಅಕ್ಕನ ಮಗಳಿಗೂ ಅದನ್ನೇ ಮೊದಲು ಹೇಳಿದೆ. ಜೊತೆಗೆ ಒಂದು ಸಮಾಧಾನದ ಸುದ್ದಿಯೂ ಇದೆ. 2023ರಲ್ಲಿ ನೆದರ್ಲೆಂಡ್ಸಿನ 120 ತಾಯಿ-ಮಕ್ಕಳ ಜೋಡಿಗಳ ಅಧ್ಯಯನ ಬಂತು. ಹೆರಿಗೆ ಸಿಸೇರಿಯನ್ ಆದಾಗ ತಾಯಿಯ ಕರುಳಿನಿಂದ ಬರುವುದು ಕಡಿಮೆಯಾದರೂ, ಎದೆಹಾಲಿನ ಮೂಲಕ ಬರುವುದು ಜಾಸ್ತಿಯಾಗಿ ಒಂದು ಮಟ್ಟಿಗೆ ಸರಿದೂಗುತ್ತದೆ ಅಂತ ಅದರಲ್ಲಿ ಕಂಡಿತು. ಒಂದು ಬಾಗಿಲು ಮುಚ್ಚಿದರೆ ತಾಯಿ ಹಿತ್ತಲ ಬಾಗಿಲಿಂದ ಕಳಿಸುತ್ತಾಳೆ.

ಎದೆಹಾಲಿನ ಲೆಕ್ಕವೂ ವಿಚಿತ್ರ. ಅದರಲ್ಲಿ ಲ್ಯಾಕ್ಟೋಸ್, ಕೊಬ್ಬು ಬಿಟ್ಟರೆ ಅತಿ ಹೆಚ್ಚು ಇರುವ ಘನ ಪದಾರ್ಥ ಒಂದು ಬಗೆಯ ಸಕ್ಕರೆ ಸರಪಳಿಗಳು. ಮಗುವಿಗೆ ಅದನ್ನು ಜೀರ್ಣಿಸಿಕೊಳ್ಳಲು ಆಗುವುದೇ ಇಲ್ಲ! ಹಾಗಾದರೆ ತಾಯಿಯ ಮೈ ಅಷ್ಟು ಕಷ್ಟಪಟ್ಟು ಅದನ್ನು ತಯಾರಿಸುವುದು ಯಾರಿಗೆ? ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಕ್ಕೆ. ಅದರಲ್ಲೂ ಇನ್ಫ್ಯಾಂಟಿಸ್ ಎಂಬ ಬಗೆ ಈ ಸಕ್ಕರೆಯನ್ನು ತಿಂದು ಕರುಳನ್ನು ಹುಳಿಯಾಗಿಡುತ್ತದೆ, ಹುಳಿ ಇದ್ದಲ್ಲಿ ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಬೆಳೆಯುವುದು ಕಷ್ಟ. ಹೆಪ್ಪಿನ ಜೊತೆ ಹೆಪ್ಪಿಗೆ ಬೇಕಾದ ಊಟವನ್ನೂ ಕಟ್ಟಿಕೊಡುವ ವ್ಯವಸ್ಥೆ ಇದು. ನಾವು ಇಲ್ಲಿ ಏನು ಮಾಡುತ್ತಿದ್ದೇವೆ? ಅದೇ ಸಮೀಕ್ಷೆಯಲ್ಲಿ ದೇಶದ 88.6% ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ, ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು 41.8% ಮಕ್ಕಳಿಗೆ. ಡಾಕ್ಟರು, ನರ್ಸು ಎಲ್ಲ ಪಕ್ಕದಲ್ಲೇ ಇದ್ದೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ಗಂಟೆ ತಪ್ಪಿತು. ಅದರ ಮೇಲೆ ನಮ್ಮ ಅಜ್ಜಿಯರ ಜೇನು ನೆಕ್ಕಿಸುವುದು, ಸಕ್ಕರೆ ನೀರು ಬೇರೆ.

ಪಾತ್ರೆ ತೆರೆದಿದ್ದರೆ ಏನು ಬಂದು ಬೀಳುತ್ತದೆ ಅನ್ನುವುದು ಊರಿನ ಮೇಲೆ, ವಾರ್ಡಿನ ಮೇಲೆ ನಿಂತಿದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿ, ಎಳೆ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಸೇರಿದ 13,530 ಮಕ್ಕಳ ಅಧ್ಯಯನ 2016ರಲ್ಲಿ ಪ್ರಕಟವಾಯ್ತು. 14.3% ಮಕ್ಕಳಿಗೆ ಸೆಪ್ಸಿಸ್, ಅಂದರೆ ರಕ್ತಕ್ಕೇ ನಂಜು. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಹುಟ್ಟಿದ 72 ಗಂಟೆಯೊಳಗೆ. ಶ್ರೀಮಂತ ದೇಶಗಳಲ್ಲಿ ಈ ಮೂರು ದಿನದೊಳಗಿನ ಸೋಂಕು ಅಂದರೆ ತಾಯಿಯಿಂದ ಬಂದ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವುದು ಪಾಠಪುಸ್ತಕದ ಮಾತು. ದೆಹಲಿಯಲ್ಲಿ ಸಿಕ್ಕಿದ್ದು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ. ಅಸಿನೆಟೋಬ್ಯಾಕ್ಟರ್‌ಗಳಲ್ಲಿ 82%ಕ್ಕೆ ಹಲವು ಬಗೆಯ ಆ್ಯಂಟಿಬಯಾಟಿಕ್ ನಾಟುತ್ತಿರಲಿಲ್ಲ. ಎರಡು ದಿನದ ಕೂಸಿನ ರಕ್ತದಲ್ಲಿ ಔಷಧಕ್ಕೆ ಬಗ್ಗದ ಆಸ್ಪತ್ರೆ ಬ್ಯಾಕ್ಟೀರಿಯಾ. ನನಗೆ ಈ ಇಡೀ ವಿಷಯದಲ್ಲಿ ನಿದ್ದೆ ಕೆಡಿಸುವುದು ಈ ಒಂದು ಅಧ್ಯಯನ.

ಹಾಗಾದರೆ ಬೇರೆ ಯಾವುದೂ ಬರುವ ಮೊದಲು ನಾವೇ ಒಳ್ಳೆ ಹೆಪ್ಪು ಹಾಕಿಬಿಟ್ಟರೆ? ಇದನ್ನೇ ಒಡಿಶಾದಲ್ಲಿ ಮಾಡಿದ್ದು. ಪಿನಾಕಿ ಪಾಣಿಗ್ರಾಹಿ ಎಂಬ ಮಕ್ಕಳ ವೈದ್ಯರ ತಂಡ 280ಕ್ಕೂ ಹೆಚ್ಚು ತಳಿಗಳನ್ನು ಜಾಲಾಡಿ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಆರಿಸಿತು. ಅದರ ಜೊತೆ ಆ ಬ್ಯಾಕ್ಟೀರಿಯಾಕ್ಕೆ ಊಟವಾಗಿ ಒಂದು ಬಗೆಯ ಸಕ್ಕರೆ. ಹಳ್ಳಿಗಳ 4,556 ನವಜಾತ ಶಿಶುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದನ್ನು, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಖಾಲಿ ಪುಡಿಯನ್ನು ಏಳೇ ಏಳು ದಿನ ಕೊಟ್ಟರು. ಎರಡು ತಿಂಗಳು ಮನೆಮನೆಗೆ ಹೋಗಿ ನೋಡಿದರು. ಸೆಪ್ಸಿಸ್ ಅಥವಾ ಸಾವು ಖಾಲಿ ಪುಡಿಯ ಗುಂಪಿನಲ್ಲಿ 9%, ಬ್ಯಾಕ್ಟೀರಿಯಾ ಕೊಟ್ಟ ಗುಂಪಿನಲ್ಲಿ 5.4%. ಅಂದರೆ 40% ಇಳಿಕೆ. ಉಸಿರಾಟದ ಸೋಂಕೂ ಕಡಿಮೆಯಾಯ್ತು, ಹೊಟ್ಟೆಗೆ ಕೊಟ್ಟದ್ದು ಶ್ವಾಸಕೋಶಕ್ಕೂ ತಾಗಿತು. ಏಳು ದಿನದ ಖರ್ಚು ಒಂದು ಡಾಲರ್ ಆಸುಪಾಸು. ಫಲಿತಾಂಶ ಅಷ್ಟು ಸ್ಪಷ್ಟವಾಗಿತ್ತು ಅಂತ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಓದಿದಾಗ ಖುಷಿಯಾಗುತ್ತದೆ. ಆದರೆ ಸಣ್ಣ ಅಕ್ಷರಗಳನ್ನೂ ಓದಬೇಕು. ಅಲ್ಲಿ ಸೇರಿಸಿಕೊಂಡದ್ದು 35 ವಾರ ತುಂಬಿದ, ಎರಡು ಕೆಜಿಗಿಂತ ಕಡಿಮೆ ಇರದ, ಆಗಲೇ ಎದೆಹಾಲು ಕುಡಿಯಲು ಶುರುಮಾಡಿದ, ಕಾಯಿಲೆಯ ಲಕ್ಷಣ ಇಲ್ಲದ ಮಕ್ಕಳನ್ನು ಮಾತ್ರ. ಸೆಪ್ಸಿಸ್ ಅಂತ ಬರೆದುಕೊಂಡದ್ದರಲ್ಲಿ ಹೆಚ್ಚಿನವು ಲಕ್ಷಣ ನೋಡಿ ಹೇಳಿದವು, ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದು ಸಾಬೀತಾದವು ಕಡಿಮೆ. ಸಾವಿನ ಸಂಖ್ಯೆ ಎರಡೂ ಕಡೆ ತೀರಾ ಚಿಕ್ಕದು. ಹಾಗಾಗಿ ‘ಪ್ರೋಬಯಾಟಿಕ್ ಮಕ್ಕಳ ಸಾವು 40% ಕಡಿಮೆ ಮಾಡುತ್ತದೆ’ ಅಂತ ವಾಟ್ಸಾಪಿನಲ್ಲಿ ಓಡಾಡುವುದು ತಪ್ಪು. ಕಡಿಮೆಯಾದದ್ದು ಸೋಂಕು.

ಇನ್ನೂ ಮುಖ್ಯವಾದದ್ದು ತಳಿ. ಮಾವಿನ ಹಣ್ಣು ಅಂದರೆ ಎಲ್ಲ ಒಂದೇನಾ? ರಸಪುರಿ ತಂದುಕೊಟ್ಟು ಉಪ್ಪಿನಕಾಯಿ ಹಾಕು ಅಂದರೆ ಮಲೆನಾಡಿನವರು ಮನೆಯಿಂದ ಆಚೆ ಕಳಿಸುತ್ತಾರೆ, ಅಪ್ಪೆಮಿಡಿಯೇ ಬೇಕು. ಬ್ಯಾಕ್ಟೀರಿಯಾದಲ್ಲೂ ಹಾಗೆ. ಒಡಿಶಾದಲ್ಲಿ ಕೊಟ್ಟ ತಳಿಗೆ ಎಟಿಸಿಸಿ-202195 ಅಂತ ನಂಬರ್ ಇದೆ. ಅದೇ ಜಾತಿಯ ಬೇರೆ ತಳಿ ಮಗುವಿನ ಕರುಳಲ್ಲಿ ನಿಲ್ಲದೇ ಹೋಗಬಹುದು. ಬ್ರಿಟನ್ನಿನಲ್ಲಿ 1,315 ಅವಧಿಪೂರ್ವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಬೈಫಿಡೋಬ್ಯಾಕ್ಟೀರಿಯಂ ಬ್ರೆವೆಯ ಒಂದು ತಳಿ ಕೊಟ್ಟು ನೋಡಿದರು, 2016ರಲ್ಲಿ ಫಲಿತಾಂಶ ಬಂತು, ಸೆಪ್ಸಿಸ್ಸಿಗೂ ಪ್ರಯೋಜನವಿಲ್ಲ, ಕರುಳು ಕೊಳೆಯುವ ರೋಗಕ್ಕೂ ಇಲ್ಲ, ಸಾವಿಗೂ ಇಲ್ಲ. ಭೇದಿಯಾದ ಮಕ್ಕಳಿಗೆ ಪ್ರೋಬಯಾಟಿಕ್ ಕೊಟ್ಟ ಎರಡು ದೊಡ್ಡ ಪ್ರಯೋಗಗಳು, ಒಂದು ಅಮೆರಿಕ, ಒಂದು ಕೆನಡಾ, 2018ರಲ್ಲಿ ಒಟ್ಟಿಗೇ ಬಂದವು. ಎರಡರಲ್ಲೂ ಸೊನ್ನೆ. ನಮ್ಮಲ್ಲಿ ಭೇದಿ ಅಂತ ಹೋದರೆ ಮೊದಲು ಕೈಗೆ ಬರುವುದು ಪ್ರೋಬಯಾಟಿಕ್ ಪುಡಿ, ಓಆರ್‌ಎಸ್ ಮತ್ತು ಜಿಂಕ್ ಕೇಳಿದರೆ ಉಂಟು ಇಲ್ಲದಿದ್ದರೆ ಇಲ್ಲ. ಜೀವ ಉಳಿಸುವುದು ಕೊನೆಯ ಎರಡು.

ಜೀವಂತ ಬ್ಯಾಕ್ಟೀರಿಯಾ ಅಂದಮೇಲೆ ಅಪಾಯವೂ ಇದೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಅವಧಿಗೆ ಮುನ್ನ ಹುಟ್ಟಿದ, ತೀರಾ ಕಡಿಮೆ ತೂಕದ ಒಂದು ಮಗುವಿಗೆ ಆಸ್ಪತ್ರೆಯಲ್ಲಿ ಕೊಟ್ಟ ಪ್ರೋಬಯಾಟಿಕ್‌ನ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಸೆಪ್ಸಿಸ್ ಆಗಿ ಮಗು ತೀರಿಹೋಗಿತ್ತು. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕಿಂತ ಮುಂಚೆ ಹುಟ್ಟಿ ಎದೆಹಾಲು ಕುಡಿಯುವ ಮಕ್ಕಳಿಗೆ ಪ್ರೋಬಯಾಟಿಕ್ ಯೋಚಿಸಬಹುದು ಅಂದಿತ್ತು. ಎರಡೂ ಸುಳ್ಳಲ್ಲ. ಲಾಭವೂ ನಷ್ಟವೂ ಆ ಎಳೆ ಮಕ್ಕಳಲ್ಲೇ ಜಾಸ್ತಿ. ಅದಕ್ಕೇ ಇದು ಎನ್‌ಐಸಿಯು ಡಾಕ್ಟರು ತೂಗಿ ನೋಡಬೇಕಾದ ವಿಷಯ, ಕೌಂಟರಿನ ಮೇಲೆ ತೀರ್ಮಾನ ಆಗುವಂಥದ್ದಲ್ಲ.

ಈಗ ಬ್ಯಾಕ್ಟೀರಿಯಾ ಕೊಲ್ಲುವ ದಾರಿಗೆ ಬರೋಣ. ಇದರಲ್ಲಿ ನಮ್ಮ ಬೆಳಗಾವಿಯ ಪಾತ್ರ ದೊಡ್ಡದು, ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆಎಲ್‌ಇಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ ಎರಡು ದಶಕದಿಂದ ತಾಯಿ-ಮಕ್ಕಳ ಮೇಲೆ ಅಂತರರಾಷ್ಟ್ರೀಯ ಪ್ರಯೋಗಗಳಲ್ಲಿದೆ. ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಸಾಕು ಅಂತ ಹಳ್ಳಿಗಳ 1,620 ಹೆರಿಗೆಗಳಲ್ಲಿ ತೋರಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನ ಆಗಿದ್ದು ಬೆಳಗಾವಿಯಲ್ಲೇ. ಅದಾದ ಮೇಲೆ ಬಂದದ್ದು ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ಕಿನ ಪ್ರಯೋಗ. ಏಳು ದೇಶಗಳು, ಭಾರತದಿಂದ ಬೆಳಗಾವಿ ಮತ್ತು ನಾಗಪುರ. 29,278 ಗರ್ಭಿಣಿಯರು. ಸಹಜ ಹೆರಿಗೆಗೆ ಬಂದು ನೋವು ಶುರುವಾದವರಿಗೆ ಒಂದೇ ಸಲ 2 ಗ್ರಾಂ ಅಜಿಥ್ರೊಮೈಸಿನ್ ನುಂಗಿಸುವುದು. 500ರ ಮಾತ್ರೆ ಲೆಕ್ಕದಲ್ಲಿ ನಾಲ್ಕು. ಅರ್ಧ ಜನಕ್ಕೆ ಅದು, ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ.

2023ರಲ್ಲಿ ಫಲಿತಾಂಶ ಬಂದಾಗ ತಾಯಂದಿರ ಸೆಪ್ಸಿಸ್ ಅಥವಾ ಸಾವು 2.4%ರಿಂದ 1.6%ಕ್ಕೆ ಇಳಿದಿತ್ತು, ಮೂರರಲ್ಲಿ ಒಂದು ಭಾಗ ತಪ್ಪಿದ ಹಾಗೆ. ಇಲ್ಲೂ ಇಳಿದದ್ದು ಸೆಪ್ಸಿಸ್ಸೇ, ಸಾವಿನ ಸಂಖ್ಯೆ ಎರಡೂ ಗುಂಪಿನಲ್ಲಿ ಬಹಳ ಕಡಿಮೆ ಇತ್ತು. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ಪ್ರಯೋಜನ ಸಿಗುವುದು ಅಪರೂಪ. ಆದರೆ ಮಗು? ನವಜಾತ ಶಿಶುಗಳ ಸೆಪ್ಸಿಸ್ ಔಷಧಿ ಕೊಟ್ಟ ಕಡೆ ಸುಮಾರು 10%, ಕೊಡದ ಕಡೆಯೂ ಸುಮಾರು 10%. ಒಂದಿಷ್ಟೂ ವ್ಯತ್ಯಾಸ ಇಲ್ಲ. ಗ್ಯಾಂಬಿಯಾ ಮತ್ತು ಬುರ್ಕಿನಾ ಫಾಸೊದಲ್ಲಿ ಸುಮಾರು 12,000 ತಾಯಂದಿರ ಮೇಲೆ ಮಾಡಿದ ಅದೇ ಥರದ ಪ್ರಯೋಗದಲ್ಲೂ ಮಕ್ಕಳ ಸೆಪ್ಸಿಸ್ ಮತ್ತು ಸಾವು ಇಳಿಯಲಿಲ್ಲ.

ಯಾಕೆ? ನನ್ನ ಓದಿನ ಪ್ರಕಾರ ಎರಡು ಕಾರಣ ಕಾಣುತ್ತದೆ. ಒಂದು, ತಾಯಿಯ ಸೋಂಕು ಬಹುಪಾಲು ಅವಳ ಮೈಯಲ್ಲೇ ಇರುವ ಬ್ಯಾಕ್ಟೀರಿಯಾಗಳಿಂದ, ಹೆರಿಗೆ ಹೊತ್ತಿನಲ್ಲಿ ಅವನ್ನು ಹೊಡೆದರೆ ಕೆಲಸ ಆಯ್ತು. ಮಗುವಿಗೆ ಅಪಾಯ ಹೊರಗಿನಿಂದ, ಮುಂದಿನ ದಿನಗಳಲ್ಲಿ, ದೆಹಲಿಯಲ್ಲಿ ಕಂಡಂಥ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ಗಳಿಂದ. ತಾಯಿ ನುಂಗಿದ ನಾಲ್ಕು ಮಾತ್ರೆ ಅಲ್ಲಿಗೆ ತಲುಪುವುದಿಲ್ಲ. ಪಾತ್ರೆ ತೊಳೆದರೆ ಸಾಲದು, ಆಮೇಲೆ ಮುಚ್ಚಬೇಕು ಕೂಡ. ಎರಡನೆಯದು, ಶಿಶುಗಳಲ್ಲಿ ‘ಸೆಪ್ಸಿಸ್’ ಅಂತ ನಾವು ಕರೆಯುವುದೆಲ್ಲ ಬ್ಯಾಕ್ಟೀರಿಯಾದಿಂದಲೇ ಅಲ್ಲ. ಬಾಂಗ್ಲಾದೇಶ, ಭಾರತ, ಪಾಕಿಸ್ತಾನದ ಹಳ್ಳಿ-ಪಟ್ಟಣಗಳಲ್ಲಿ 63,000ಕ್ಕೂ ಹೆಚ್ಚು ಶಿಶುಗಳನ್ನು ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಬಂತು. ಗಂಭೀರ ಸೋಂಕಿನ ಲಕ್ಷಣ ಇದ್ದವರಲ್ಲಿ ಕಾರಣ ಪತ್ತೆಯಾದದ್ದು 28%ರಲ್ಲಿ ಮಾತ್ರ. ಅದರಲ್ಲೂ 16% ಬ್ಯಾಕ್ಟೀರಿಯಾ, 12% ವೈರಸ್. ವೈರಸ್ಸಿಗೆ ಅಜಿಥ್ರೊಮೈಸಿನ್ ಏನು ಮಾಡೀತು?

ಇದೇ ಅಜಿಥ್ರೊಮೈಸಿನ್ ಆಫ್ರಿಕಾದ ಹಳ್ಳಿಗಳಲ್ಲಿ ಬೇರೆ ಕಥೆ ಹೇಳಿತು. ನೈಜರ್, ಮಲಾವಿ, ತಾಂಜಾನಿಯಾದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ವರ್ಷಕ್ಕೆ ಎರಡು ಸಲ ಒಂದೊಂದು ಡೋಸ್. ಕಾಯಿಲೆ ಇರಲಿ ಬಿಡಲಿ. ಸಾವು ಒಟ್ಟಾರೆ 13.5% ಇಳಿಯಿತು, ನೈಜರಿನಲ್ಲಿ 18%. ಉಳಿದ ಎರಡು ದೇಶದಲ್ಲಿ ಅಷ್ಟು ಖಚಿತವಾಗಿ ಕಾಣಲಿಲ್ಲ. ಜೊತೆಗೆ ನೈಜರಿನ ಮಕ್ಕಳ ಕರುಳಿನಲ್ಲಿ ಆ ಜಾತಿಯ ಔಷಧಕ್ಕೆ ಬಗ್ಗದ ಜೀನುಗಳು ಹೆಚ್ಚಾದದ್ದೂ ದಾಖಲಾಯ್ತು. ಮಕ್ಕಳು ಸಾಯುವುದು ತೀರಾ ಜಾಸ್ತಿ ಇರುವ ಕಡೆ ಮಾತ್ರ ಯೋಚಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಹಾಕಿದ್ದು ಇದಕ್ಕೇ. ನೆಗಡಿಗೂ ಅಂಗಡಿಯಲ್ಲಿ ಅಜಿಥ್ರೊಮೈಸಿನ್ ಕೊಡುವ ನಮ್ಮಂಥ ಊರಲ್ಲಿ ಬೆಳಗಾವಿಯ ಪ್ರಯೋಗದ ಲಾಭ ಎಷ್ಟು ವರ್ಷ ಉಳಿಯುತ್ತದೆ ಅನ್ನುವುದು ನನ್ನ ಚಿಂತೆ. ಬಾಣಂತಿಯನ್ನು ಉಳಿಸುವ ನಾಲ್ಕು ಮಾತ್ರೆಯನ್ನು ನಾವು ಗಂಟಲು ಕೆರೆತಕ್ಕೆ ಖರ್ಚು ಮಾಡುತ್ತಿದ್ದೇವೆ.

ಕೊಂದರೆ ಸಾಲದು ಅನ್ನುವುದಕ್ಕೆ ಗರ್ಭಿಣಿಯರದ್ದೇ ಒಂದು ಉದಾಹರಣೆ ಇದೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ತುಂಬಿಕೊಂಡರೆ ಅವಧಿಗೆ ಮುನ್ನ ಹೆರಿಗೆಯ ಸಂಭವ ಜಾಸ್ತಿ, ಇದು ಹಳೆಯ ವಿಷಯ. ಹಾಗಾದರೆ ಆ ಬ್ಯಾಕ್ಟೀರಿಯಾ ಕೊಂದರಾಯ್ತಲ್ಲ? ಫ್ರಾನ್ಸಿನಲ್ಲಿ ಈ ತೊಂದರೆ ಇದ್ದ, ಆದರೆ ಬೇರೆ ಅಪಾಯ ಕಡಿಮೆ ಇದ್ದ 2,869 ಗರ್ಭಿಣಿಯರಿಗೆ ಕ್ಲಿಂಡಮೈಸಿನ್ ಎಂಬ ಆ್ಯಂಟಿಬಯಾಟಿಕ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದರು. ತಡವಾದ ಗರ್ಭಪಾತ ಮತ್ತು ತೀರಾ ಬೇಗ ಆಗುವ ಹೆರಿಗೆ ಎರಡೂ ಗುಂಪಿನಲ್ಲಿ 1%ದ ಆಸುಪಾಸು. ಕಳೆ ಕಿತ್ತರೂ ಬಿತ್ತಿದ ಹಾಗೆ ಆಗಲಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಢಾಕಾದ ಮೀರ್‌ಪುರ ಕೊಳೆಗೇರಿಯ ಪ್ರಯೋಗ. ಅಲ್ಲಿ ಬ್ಯಾಕ್ಟೀರಿಯಾ ಕೊಡಲೂ ಇಲ್ಲ, ಕೊಲ್ಲಲೂ ಇಲ್ಲ. ಇದ್ದ ಬ್ಯಾಕ್ಟೀರಿಯಾಕ್ಕೆ ಊಟ ಹಾಕಿದರು. ಒಂದರಿಂದ ಒಂದೂವರೆ ವರ್ಷದ, ತೂಕ ಕಡಿಮೆಯಾದ 123 ಮಕ್ಕಳಲ್ಲಿ ಅರ್ಧ ಜನಕ್ಕೆ ಮಾಮೂಲಿ ಪೌಷ್ಟಿಕ ಆಹಾರ, ಇನ್ನರ್ಧಕ್ಕೆ ಕಡಲೆ ಹಿಟ್ಟು, ಶೇಂಗಾ, ಸೋಯಾ, ಬಾಳೆಕಾಯಿ ಸೇರಿಸಿ ಮಾಡಿದ ಆಹಾರ. ಎರಡನೆಯದರಲ್ಲಿ ಕ್ಯಾಲೊರಿ ಕಡಿಮೆ. ಆದರೂ ಮೂರು ತಿಂಗಳಲ್ಲಿ ಆ ಮಕ್ಕಳೇ ಚೆನ್ನಾಗಿ ತೂಕ ಹಾಕಿಕೊಂಡರು, ವಯಸ್ಸಿಗೆ ತಕ್ಕ ಬ್ಯಾಕ್ಟೀರಿಯಾಗಳೂ ಹೆಚ್ಚಿದವು. 2021ರ ಫಲಿತಾಂಶ, ಸಣ್ಣ ಪ್ರಯೋಗ ಬೇರೆ, ಕುಣಿದಾಡುವುದು ಬೇಡ. ಆದರೂ ಆ ನಾಲ್ಕು ಪದಾರ್ಥ ನಮ್ಮ ಸಂತೆಯಲ್ಲಿ ಸಿಗುವಂಥವೇ.

ಅಕ್ಕನ ಮಗಳ ಬಾಟಲಿಗೆ ಬರುತ್ತೇನೆ. ಫೋಟೋವನ್ನು ದೊಡ್ಡದು ಮಾಡಿ ಲೇಬಲ್ ಓದಿದೆ. ಎರಡು ಬ್ಯಾಕ್ಟೀರಿಯಾಗಳ ಹೆಸರಿತ್ತು, ತಳಿಯ ನಂಬರ್ ಇರಲಿಲ್ಲ. ಮಗು ಒಂಬತ್ತು ತಿಂಗಳು ತುಂಬಿ ಹುಟ್ಟಿದ್ದು, ತೂಕ ಮೂರು ಕೆಜಿ, ಎದೆಹಾಲು ಚೆನ್ನಾಗಿ ಕುಡಿಯುತ್ತಿತ್ತು. ‘ಚೀಟಿಯಲ್ಲಿ ಡಾಕ್ಟರು ಬರೆದಿದ್ದಾರಾ?’ ಅಂತ ಕೇಳಿದೆ. ಇಲ್ಲ ಅಂದಳು. ‘ಹಾಗಾದರೆ ಹಾಕಬೇಡ. ಮುಂದಿನ ಸಲ ತೋರಿಸಲು ಹೋದಾಗ ಅವರನ್ನೇ ಕೇಳು. ಮಗುವನ್ನ ಎತ್ತಿಕೊಳ್ಳೋಕೆ ಬರೋರಿಗೆಲ್ಲ ಮೊದಲು ಸೋಪು ಹಚ್ಚಿ ಕೈ ತೊಳೆಯೋಕೆ ಹೇಳು’ ಅಂದೆ. ‘ಅಜ್ಜಿಗೂ ಹೇಳಬೇಕಾ ಚಿಕ್ಕಮ್ಮಾ?’ ಅಂದಳು. ಅಜ್ಜಿಗೆ ನಾನೇ ಫೋನ್ ಮಾಡಿದೆ. ಜೇನಿನ ವಿಷಯವೂ ಇತ್ತಲ್ಲ.